ಬಣ್ಣ ಉಳಿದದ್ದು ಕತ್ತಲಲ್ಲಿ

ಹಳೇ ಬಟ್ಟೆ, ಹಳೇ ಕಥೆ | ಭಾಗ 6

ಮೊದಲನೇ ಫೋಟೋ ನಮ್ಮಜ್ಜನ ಖಾದಿ ಬಾವುಟ. ಮಧ್ಯೆ ಚರಕ ಇದೆ ನೋಡಿ. ಸಂವಿಧಾನ ಸಭೆ 1947ರ ಜುಲೈ 22ರಂದು ಅಶೋಕ ಚಕ್ರದ ಬಾವುಟ ಒಪ್ಪಿಕೊಳ್ಳೋದಕ್ಕೂ ಮುಂಚಿನ ಕಾಲದ್ದು. ವರ್ಷಾನುಗಟ್ಟಲೆ ಮಂಗಳೂರಿನ ಮನೆಯ ಟ್ರಂಕಿನಲ್ಲಿತ್ತು. "ಇಂಥದ್ದನ್ನ ನಾಲ್ಕು ಜನ ನೋಡ್ಬೇಕು" ಅಂತ ನಾವೇ ಫ್ರೇಮ್ ಹಾಕಿಸಿ, ಹಾಲ್‌ನಲ್ಲಿ ಕಿಟಕಿ ಎದುರಿಗೆ ತೂಗುಹಾಕಿದ್ವಿ.

ಈಗ ಸ್ವೈಪ್ ಮಾಡಿ. ಮೊನ್ನೆ ಫ್ರೇಮ್ ಬಿಚ್ಚಿದಾಗ ಕಂಡದ್ದು ಇದು. ಮರದ ಪಟ್ಟಿಯಡಿ ಇದ್ದ ಬೆರಳಗಲದ ಅಂಚು ಇನ್ನೂ ಗಾಢ ಕೇಸರಿ. ಉಳಿದದ್ದೆಲ್ಲ ಹಳೇ ಪಂಚೆಯ ಬಣ್ಣ. ಟ್ರಂಕಿನ ಕತ್ತಲು ಕಾಪಾಡಿದ್ದನ್ನ ನಮ್ಮ ಅಭಿಮಾನ ಅಳಿಸಿಹಾಕಿತ್ತು.

ಆಗ ನೆನಪಾದದ್ದು ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂ. 1947ರ ಆಗಸ್ಟ್ 15ರ ಬೆಳಗ್ಗೆ ಆ ಕೋಟೆಯ ಮೇಲೆ ಹಾರಿದ ಬಾವುಟ ಅಲ್ಲಿದೆ. ರೇಷ್ಮೆಯದು, ಸುಮಾರು 12 ಅಡಿ ಉದ್ದ, 8 ಅಡಿ ಅಗಲ. ಆಗ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಹಾಗಾಗಿ ನಮ್ಮ ಪಾಲಿಗೂ ಅದು ರಾಜಧಾನಿಯ ಬಾವುಟ. 2013ರಿಂದ ಅದನ್ನ ಗಾಜಿನ ಪೆಟ್ಟಿಗೆಯಲ್ಲಿ, ತೇವ ಹೀರೋಕೆ ಸಿಲಿಕಾ ಜೆಲ್ ಇಟ್ಟು, ಮಿತವಾದ ಬೆಳಕಿನಲ್ಲಿ ತೋರಿಸ್ತಿದ್ದಾರೆ.

ಇಂಥ ಕಡೆ ಹೋದಾಗ "ಲೈಟ್ ಸರಿಯಾಗಿ ಹಾಕೋಕೆ ಆಗಲ್ವಾ?" ಅಂತ ನಾನೂ ಗೊಣಗಿದವಳೇ. ಇನ್ನು ಗೊಣಗಲ್ಲ. ಆ ಮಂದ ಬೆಳಕು ಉದಾಸೀನ ಅಲ್ಲ, ಅದೇ ಮರ್ಯಾದೆ.

ಯಾಕಂದ್ರೆ ಬೆಳಕು ಮಾಡೋ ಹಾನಿ ಸಾಲದ ಹಾಗೆ ಕೂಡುತ್ತಾ ಹೋಗುತ್ತೆ. ಆಮೇಲೆ ಎಷ್ಟು ಕಾಲ ಕತ್ತಲಲ್ಲಿಟ್ಟರೂ ಹೋದ ಬಣ್ಣ ವಾಪಸ್ ಬರಲ್ಲ. ಹಳೇ ಬಟ್ಟೆಗೆ 50 ಲಕ್ಸ್ ಬೆಳಕು ಸಾಕು ಅನ್ನೋದು ಮ್ಯೂಸಿಯಂಗಳ ಸಾಮಾನ್ಯ ಲೆಕ್ಕ. ಬಿಸಿಲು ಬೀಳೋ ಕಿಟಕಿ ಹತ್ತಿರ ಅದು ಸಾವಿರಾರು ಲಕ್ಸ್.

"ಹಾಗಾದ್ರೆ ಬಚ್ಚಿಟ್ಟು ಏನು ಪ್ರಯೋಜನ? ಮಕ್ಕಳು ನೋಡೋದು ಬೇಡ್ವಾ?" ಅಂತೀರಿ. ನ್ಯಾಯವಾದ ಪ್ರಶ್ನೆ. ಶಾಶ್ವತವಾಗಿ ಬಚ್ಚಿಡಿ ಅಂತ ನಾನೂ ಹೇಳ್ತಿಲ್ಲ. ನಮ್ಮ ಊರುಗಳ ಮ್ಯೂಸಿಯಂಗಳು ವರ್ಷವಿಡೀ ಒಂದು ಪ್ರತಿಕೃತಿ ತೂಗುಹಾಕಲಿ. ಖಾದಿ ರಾಷ್ಟ್ರಧ್ವಜಗಳು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ತಯಾರಾಗುತ್ತವೆ, ಬಾವುಟಕ್ಕೇನು ಬರ? ಮೂಲ ಬಾವುಟವನ್ನ ಆಗಸ್ಟ್‌ನಲ್ಲಿ, ಜನವರಿಯಲ್ಲಿ ಕೆಲವೇ ದಿನ ಹೊರಗೆ ತರಲಿ. ಪಕ್ಕದಲ್ಲಿ "ಬೆಳಕು ಯಾಕೆ ಕಡಿಮೆ?" ಅಂತ ಒಂದು ಫಲಕ ಇರಲಿ. ಕಾದು ನೋಡಿದ್ದು ಮನಸ್ಸಲ್ಲಿ ಉಳಿಯುತ್ತೆ. ತೇರನ್ನೂ ದಿನಾ ಎಳೆಯಲ್ವಲ್ಲ!

ನಿಮ್ಮನೇಲಿ ಹಳೇ ಬಾವುಟ ಇದ್ಯಾ? ದಯವಿಟ್ಟು
▪️ ಒಗೀಬೇಡಿ, ಇಸ್ತ್ರಿ ಹಾಕ್ಬೇಡಿ. ಬಣ್ಣ ಬಿಡಬಹುದು, ನೂಲು ಸುಡಬಹುದು.
▪️ ಸೆಲ್ಲೋ ಟೇಪ್, ಪಿನ್ ಬೇಡ.
▪️ ಮಡಚಬೇಡಿ, ಮಡಿಕೆಯಲ್ಲೇ ನೂಲು ಮೊದಲು ಕಡಿಯೋದು. ದಪ್ಪ ಕೊಳವೆಗೆ ತೊಳೆದ ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಬಾವುಟ ಸುತ್ತಿ.
▪️ ತೇವ, ಬಿಸಿಲು ಎರಡರಿಂದಲೂ ದೂರ ಇಡಿ.

ನಮ್ಮ ಗೋಡೆ ಮೇಲೆ ಈಗ ಬಾವುಟದ ಫೋಟೋ ಮಾತ್ರ ಇದೆ. "ಗೋಡೆ ಬೋಳಾಯ್ತಲ್ಲೇ" ಅಂತ ಅಮ್ಮನ ಬೇಜಾರು. ಆ ಬೆರಳಗಲದ ಕೇಸರಿ ತೋರಿಸಿದೆ. ಸುಮ್ಮನೆ ನೋಡಿ, ಆಮೇಲೆ ತಾವೇ ಹೋಗಿ ಕಿಟಕಿ ಪರದೆ ಎಳೆದರು.

ನೀವೇನಂತೀರಿ? ವರ್ಷಕ್ಕೆ ಕೆಲವೇ ದಿನ ತೋರಿಸಿದ್ರೆ ನೋಡೋಕೆ ಹೋಗ್ತೀರಾ? ಕಾಮೆಂಟಲ್ಲಿ ಬರೀರಿ 👇

#ಹಳೇಬಟ್ಟೆಹಳೇಕಥೆ #ಬಾವುಟ #ಮ್ಯೂಸಿಯಂ #ಕನ್ನಡ