ಹೊಗೆ ಮೇಲಕ್ಕೆ, ಗ್ಯಾಸು ನೆಲಕ್ಕೆ

ಗ್ಯಾಸ್ ಒಲೆ ಬಂದ ಮೇಲೆ ಹೆಣ್ಣುಮಕ್ಕಳ ಕಣ್ಣುರಿ, ಕೆಮ್ಮು ಕಡಿಮೆಯಾದವು. ಇದು ಸಂತೋಷದ ಸಂಗತಿ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಬಳಿಕ ಸಿಲಿಂಡರ್ ಹಳ್ಳಿಹಳ್ಳಿಗೂ ಮುಟ್ಟಿದೆ. ಆದರೆ ಅದು ಸೋರುತ್ತಿದೆಯೇ ಎಂದು ಪರೀಕ್ಷಿಸುವ ರೂಢಿ ಮಾತ್ರ ಅಷ್ಟು ಬೇಗ ಬರಲಿಲ್ಲ.

ಹೊನವಾಡ, ತಿಕೋಟಾ, ಬಬಲೇಶ್ವರ ಸುತ್ತಿನ ಹಳೆಯ ಮಾಳಿಗೆ ಮನೆಗಳು ಕಟ್ಟಿಗೆ ಒಲೆಯ ಕಾಲದವು. ಹೊಗೆ ಮೇಲೇರಿ ಬೆಳಕಿಂಡಿಯಿಂದ ಹೊರಹೋಗುತ್ತದೆ. ಅಡುಗೆ ಅನಿಲದ ಸ್ವಭಾವ ಇದಕ್ಕೆ ವಿರುದ್ಧ. ಪ್ರೋಪೇನ್, ಬ್ಯೂಟೇನ್‌ಗಳ ಈ ಮಿಶ್ರಣ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಬೆರೆತರೂ ಒಂದು ಕಿಡಿ ಸಾಕು. ರೊಟ್ಟಿಗೆ ಕಟ್ಟಿಗೆ ಒಲೆ, ಚಹಾಕ್ಕೆ ಗ್ಯಾಸು ಎಂದು ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡ ಮನೆಗಳಿಗೆ ಅಪಾಯ ಇನ್ನೂ ಹೆಚ್ಚು.

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರ್ ಸೋರಿ ಬೆಂಕಿ ಹತ್ತಿತು. ಸುಟ್ಟ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಉಳಿಯಲಿಲ್ಲ.

‘ಸೋರಿದರೆ ವಾಸನೆ ಬರುತ್ತದಲ್ಲ’ ಎನ್ನುವವರುಂಟು. ನಿಜ, ಆ ವಾಸನೆ ಬರಲೆಂದೇ ಅನಿಲಕ್ಕೆ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಆದರೆ ನೆಗಡಿಯಾದವರಿಗೆ, ವಯಸ್ಸಾದವರಿಗೆ, ಗಾಢ ನಿದ್ರೆಯಲ್ಲಿರುವವರಿಗೆ ಅದು ತಿಳಿಯದೇ ಹೋಗಬಹುದು. ಆದುದರಿಂದ ಮೂಗನ್ನಷ್ಟೇ ನಂಬಿ ಕೂಡುವಂತಿಲ್ಲ. ಸಾಬೂನಿನ ನೊರೆಯನ್ನು ನಂಬಬೇಕು.

ಸಿಲಿಂಡರ್ ಬದಲಿಸುವ ಮೊದಲು ಕಟ್ಟಿಗೆ ಒಲೆ, ದೇವರ ದೀಪ ಎರಡನ್ನೂ ಆರಿಸಿ, ಬಾಗಿಲು ತೆರೆದಿಡಿ. ಸಿಲಿಂಡರಿನ ಬಾಯಿಯೊಳಗೆ ರಬ್ಬರ್ ವಾಷರ್ ಇದೆಯೇ ನೋಡಿ. ಇಲ್ಲದಿದ್ದರೆ ಆ ಸಿಲಿಂಡರ್ ಬೇಡವೆನ್ನಿ. ರೆಗ್ಯುಲೇಟರ್ ಕೂಡಿಸಿ, ಒಲೆಯ ಗುಂಡಿಗಳನ್ನು ಬಂದ್ ಇಟ್ಟು, ರೆಗ್ಯುಲೇಟರ್ ತೆರೆಯಿರಿ. ಅನಂತರ ಜೋಡಣೆ, ಪೈಪಿನ ಎರಡೂ ತುದಿ, ಪೈಪಿನ ಮೈಗೆಲ್ಲ ನೊರೆ ಹಚ್ಚಿರಿ. ಗುಳ್ಳೆ ಉಬ್ಬಿದರೆ ಸೋರಿಕೆ ಖಚಿತ. ಕಡ್ಡಿ ಗೀರಿ ನೋಡುವುದು ಸಾವನ್ನು ಕರೆದಂತೆ. ಸೋರುವಲ್ಲಿ ಸಾಬೂನು ಮೆತ್ತುವುದು, ಬಟ್ಟೆ ಸುತ್ತುವುದು ದುರಸ್ತಿಯಲ್ಲ. ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಸಿಲಿಂಡರನ್ನು ಬಯಲಿಗೆ ಒಯ್ದು, 1906ಕ್ಕೆ ಫೋನ್ ಮಾಡಿ. ಆಗ ಕರೆಂಟಿನ ಸ್ವಿಚ್ ಹಾಕಲೂ ಬೇಡಿ, ತೆಗೆಯಲೂ ಬೇಡಿ. ಫೋನನ್ನು ಹೊರಗೆ ಬಂದೇ ಮಾಡಿ. ಪೈಪು ಚೆನ್ನಾಗಿ ಕಂಡರೂ ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಇಷ್ಟೆಲ್ಲ ಗೃಹಿಣಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ತೂಕ, ಸೋರಿಕೆ ಪರೀಕ್ಷಿಸಿ ಕೊಡುವುದು ವಿತರಕರ ಹೊಣೆ. ಗಾಡಿಯನ್ನು ಅಗಸಿಯಲ್ಲಿ ನಿಲ್ಲಿಸಿ ಸಿಲಿಂಡರ್ ಉರುಳಿಸಿ ಹೋಗುವವರಿಂದ ಆ ಹೊಣೆ ತೀರುವುದಿಲ್ಲ. ನೊರೆ ಹಚ್ಚಿ ತೋರಿಸುವವರೆಗೆ ಹಣ ಕೊಡುವುದಿಲ್ಲವೆಂದು ಒಂದು ಓಣಿಯ ಜನ ಪಟ್ಟು ಹಿಡಿದರೂ ಸಾಕು, ಈ ಪದ್ಧತಿ ಬದಲಾದೀತು. ಮಹಿಳಾ ಸಂಘಗಳ ಸಭೆಯಲ್ಲಿ ಇದನ್ನು ಮಾಡಿ ತೋರಿಸಲು ಹತ್ತು ನಿಮಿಷ ಬೇಕಿಲ್ಲ.

ಒಂದು ವೇಳೆ ಸುಟ್ಟರೆ ಟೂತ್‌ಪೇಸ್ಟ್, ಶಾಯಿ, ಎಣ್ಣೆ ಏನನ್ನೂ ಬಳಿಯಬೇಡಿ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಶುಭ್ರವಾದ ಬಟ್ಟೆ ಹೊದಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಅಡುಗೆ ಮನೆಗೆ ಅನ್ವಯಿಸದಿರಲಿ.