ಮುಳುಗುವವನ ಮೈಗೆ ಯಾರು ಯಜಮಾನರು?

ಅಮೆರಿಕದಲ್ಲಿ ಕಡಲಿನ ಅಡಿಗಿಳಿದು ದುಡಿಯುವವರಲ್ಲಿ ಎರಡು ಜಾತಿಗಳುಂಟು. ಒಬ್ಬ, ತಳದ ಹವಳವನ್ನೂ ಮೀನನ್ನೂ ಎಣಿಸಿ ಬರೆದುಕೊಂಡು ಬರುವ ವಿಜ್ಞಾನಿ. ಇನ್ನೊಬ್ಬ, ಎಣ್ಣೆಯ ಕೊಳವೆಗೆ ಬೆಸುಗೆ ಹಾಕುವ, ಸೇತುವೆಯ ಕಂಬ ರಿಪೇರಿ ಮಾಡುವ ಕೆಲಸಗಾರ. ಇಬ್ಬರ ಮೈಮೇಲೂ ಕೂರುವ ನೀರಿನ ಭಾರ ಒಂದೇ. ಅವರನ್ನು ನೋಡುವ ಕಾಯಿದೆಯ ಕಣ್ಣು ಮಾತ್ರ ಒಂದೇ ಅಲ್ಲ. ಸರ್ಕಾರದ್ದೇ ಆದ ಸಾಗರ ಮತ್ತು ವಾಯುಮಂಡಲ ಇಲಾಖೆ, 1970ರಲ್ಲಿ ಹುಟ್ಟಿದ ನೋವಾ, ತನ್ನ ಆಳುಗಳು ಮುಳುಗುವುದನ್ನು ಕೂಡ ವಿಜ್ಞಾನದ ಮುಳುಗು, ಕೆಲಸದ ಮುಳುಗು ಎಂದು ವಿಂಗಡಿಸಿದೆ. ಬಯಲುಸೀಮೆಯ ನಮಗೆ ಇದರಿಂದೇನು ಎಂದು ಓದುಗರು ಕೇಳಬಹುದು. ಆಳಿನ ಮೈಯನ್ನು ಪರೀಕ್ಷೆ ಮಾಡುವ ಹಕ್ಕು ಯಾರದು, ಪರೀಕ್ಷೆಯಲ್ಲಿ ಬಿದ್ದವನ ಅನ್ನಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಬಯಲುಸೀಮೆಯಲ್ಲೂ ಇದೆ.

ವೈದ್ಯ ಪರೀಕ್ಷೆಯೇ ಬೇಡವೆನ್ನುವ ಮೂರ್ಖತನ ನನಗಿಲ್ಲ. ಸಮುದ್ರದಲ್ಲಿ ಹತ್ತು ಮೀಟರು ಇಳಿದರೆ ಒಂದು ವಾಯುಭಾರ ಹೆಚ್ಚುತ್ತದೆ. ಮೂವತ್ತು ಮೀಟರಿನಲ್ಲಿ ದಡದಲ್ಲಿದ್ದುದರ ನಾಲ್ಕರಷ್ಟು. ನೆಗಡಿಯಿಂದ ಕಿವಿಯ ಒಳದಾರಿ ಕಟ್ಟಿದ್ದರೆ ತಮಟೆ ಹರಿಯಬಹುದು. ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಉಬ್ಬಸದವನ ಎದೆಯಲ್ಲಿ ಅದು ಸಿಕ್ಕಿಕೊಂಡರೆ ಶ್ವಾಸಕೋಶವನ್ನೇ ಸೀಳಿ ಹೊರಬೀಳುತ್ತದೆ. ಹಿಂದೆ ತಾನಾಗಿ ಶ್ವಾಸಕೋಶ ಕುಸಿದವನನ್ನೂ ಮೂರ್ಛೆರೋಗದವನನ್ನೂ ನೀರಿಗಿಳಿಸುವುದು ಕೊಲೆಗೆ ಸಮ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ.

ಆದರೆ ಈ ತಿಳಿವಳಿಕೆ ಎಲ್ಲಿಂದ ಬಂತು? 1870ರ ನಂತರ ಸೇಂಟ್ ಲೂಯಿಯಲ್ಲಿಯೂ ಬ್ರೂಕ್ಲಿನ್‌ನಲ್ಲಿಯೂ ದೊಡ್ಡ ಸೇತುವೆಗಳನ್ನು ಕಟ್ಟಿದರು. ನದಿಯ ತಳದಲ್ಲಿ ಒತ್ತಿದ ಗಾಳಿ ತುಂಬಿದ ಪೆಟ್ಟಿಗೆ; ಅದರೊಳಗೆ ಕೂಲಿಗಳು ಮಣ್ಣು ಅಗೆಯಬೇಕು. ಮೇಲೆ ಬಂದವರು ಕೀಲು ನೋವಿನಿಂದ ಬಾಗಿ ಬಿದ್ದರು, ಕಾಲು ಸ್ವಾಧೀನ ತಪ್ಪಿತು, ಹಲವರು ಸತ್ತರು. ಬ್ರೂಕ್ಲಿನ್ನಿನ ಡಾಕ್ಟರು 1873ರಲ್ಲಿ ಅದಕ್ಕೆ ಪೆಟ್ಟಿಗೆಯ ರೋಗವೆಂದೇ ಹೆಸರಿಟ್ಟರು. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಏಳುವುದೇ ಕಾರಣವೆಂದು ಪಾಲ್ ಬೇರ್ 1878ರಲ್ಲಿ ತೋರಿಸಿದ. ಹಾಲ್ಡೇನ್ 1908ರಲ್ಲಿ ಹಂತಹಂತವಾಗಿ ಮೇಲೇರುವ ಕೋಷ್ಟಕ ಪ್ರಕಟಿಸಿದ. ಅದಕ್ಕೆ ಆಡುಗಳ ಮೇಲೆ ಪ್ರಯೋಗ ಮಾಡಿದ್ದನೆಂದು ಪುಸ್ತಕಗಳು ಹೇಳುತ್ತವೆ. ಆಡುಗಳಿಗಿಂತ ಮೊದಲು ಪ್ರಯೋಗಕ್ಕೆ ಒದಗಿದವರು ಯಾರೆಂಬುದನ್ನೂ ಸೇರಿಸಿ ಹೇಳಿದ್ದರೆ ಚೆನ್ನಾಗಿತ್ತು.

ಇನ್ನು ಕಾಯಿದೆಯ ಕಥೆ. ಮುಳುಗುವ ಕೆಲಸಗಾರರ ಸಂಘಟನೆ ಅಲ್ಲಿ ಬಡಗಿಗಳ ದೊಡ್ಡ ಸಂಘದೊಳಗಿತ್ತು. ನಮ್ಮವರು ಸಾಯುತ್ತಿದ್ದಾರೆ, ನಿಯಮ ಮಾಡಿ ಎಂದು ಆ ಸಂಘ 1975ರಲ್ಲಿ ಅರ್ಜಿ ಹಾಕಿತು. 1977ರಲ್ಲಿ ನಿಯಮ ಬಂದಿತು. ಅದರಲ್ಲಿ ಒಂದು ಒಳ್ಳೆಯ ಕಲಮಿತ್ತು. ಪರೀಕ್ಷೆಯ ಖರ್ಚು ಮಾಲೀಕನದು. ಮಾಲೀಕನ ಡಾಕ್ಟರು ‘ಅನರ್ಹ’ ಎಂದರೆ ಕೆಲಸಗಾರ ತಾನೇ ಆರಿಸಿದ ಎರಡನೆಯ ಡಾಕ್ಟರಲ್ಲಿಗೆ ಹೋಗಬಹುದು. ಇಬ್ಬರಲ್ಲಿ ಮತಭೇದವಾದರೆ ಮೂರನೆಯವನ ಮಾತು. ಆ ಖರ್ಚೂ ಮಾಲೀಕನದೇ. ಡಾಕ್ಟರ ಒಂದು ರುಜುವಿನಿಂದ ಮನುಷ್ಯನನ್ನು ಬೀದಿಗೆ ಹಾಕುವುದಕ್ಕೆ ಇದೊಂದೇ ಅಡ್ಡಿ. ಕಂಪೆನಿಗಳು ಸುಮ್ಮನಿದ್ದಾವೆಯೆ? ಕೋರ್ಟಿಗೆ ಹೋದವು. ಇದು ಸುರಕ್ಷತೆಯ ಮಾತಲ್ಲ, ನೌಕರಿಯ ಭದ್ರತೆಯ ಮಾತು, ಇಲಾಖೆಗೆ ಆ ಅಧಿಕಾರವಿಲ್ಲ ಎಂಬ ವಾದಕ್ಕೆ 1979ರಲ್ಲಿ ಅಪೀಲು ನ್ಯಾಯಾಲಯ ಓಗೊಟ್ಟಿತು. ವೈದ್ಯ ಪರೀಕ್ಷೆಯ ಭಾಗವೇ ಬಿದ್ದುಹೋಯಿತು. ನೌಕರಿ ಹೋದೀತೆಂಬ ಭಯವಿರುವವನು ತನ್ನ ಎದೆನೋವನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿಯಾನೆ? ಸರ್ಕಾರಿ ಕೆಲಸಕ್ಕೆ ಸೇರುವಾಗ ಫಿಟ್‌ನೆಸ್ ಸರ್ಟಿಫಿಕೇಟಿಗಾಗಿ ಸಾಲಿನಲ್ಲಿ ನಿಂತ ಪ್ರತಿಯೊಬ್ಬ ಮೇಷ್ಟರಿಗೂ ಇದರ ಉತ್ತರ ಗೊತ್ತು. ಭದ್ರತೆಯಿಲ್ಲದ ಕಡೆ ಸುರಕ್ಷತೆ ಹೇಗೆ ಬಂದೀತು? ನ್ಯಾಯಾಧೀಶರಿಗೆ ಇದು ಹೊಳೆಯಲಿಲ್ಲ.

ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ 1950ರ ದಶಕದಿಂದಲೇ ನಮಗೆ ನಮ್ಮದೇ ಶಿಸ್ತಿದೆ, ಅಪಘಾತ ಕಡಿಮೆ, ಆದ್ದರಿಂದ ನಮ್ಮನ್ನು ಬಿಡಿ ಎಂದರು. 1982ರಲ್ಲಿ ಬಿಟ್ಟರು. ಬಡಗಿಗಳ ಸಂಘ ದಾವೆ ಹೂಡಿತು. 1985ರಲ್ಲಿ ಇಲಾಖೆ ವಿನಾಯತಿಯ ಗೆರೆಯನ್ನು ಸ್ಪಷ್ಟಮಾಡಿತು. ಇಳಿಯುವವನು ವಿಜ್ಞಾನಿ ಅಥವಾ ವಿಜ್ಞಾನದ ವಿದ್ಯಾರ್ಥಿಯಾಗಿರಬೇಕು. ನೋಡಿ ಬರೆದುಕೊಂಡು ಬರಬೇಕೇ ಹೊರತು ಕಟ್ಟುವುದು, ಬೆಸೆಯುವುದು, ಭಾರ ಎತ್ತುವುದು ಕೂಡದು. ಸಿಕ್ಕ ಮಾಹಿತಿ ಯಾರೊಬ್ಬರ ಗುಟ್ಟಿನ ಸೊತ್ತಾಗಬಾರದು. ಎಲ್ಲಕ್ಕಿಂತ ಮುಖ್ಯವಾದುದು ಒಂದು ನಿಯಂತ್ರಣ ಮಂಡಲಿ. ಅದರಲ್ಲಿ ಸ್ವತಃ ಮುಳುಗುವವರೇ ಬಹುಮತದಲ್ಲಿರಬೇಕು, ಮುಳುಗಿನ ವಿಷಯದಲ್ಲಿ ಅದರ ಮಾತೇ ಕೊನೆಯದಾಗಬೇಕು.

ಅವರ ಅಕಾಡೆಮಿಯ ನಿಯಮಗಳನ್ನು ನೋಡಿ. ನೂರು ಗಂಟೆಯ ತರಬೇತಿ. ವರ್ಷಕ್ಕೆ ಹನ್ನೆರಡು ಸಲವಾದರೂ ಇಳಿದಿರಬೇಕು. ನಲವತ್ತರವರೆಗೆ ಐದು ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ, ಅರವತ್ತು ದಾಟಿದರೆ ಎರಡು ವರ್ಷಕ್ಕೊಮ್ಮೆ ವೈದ್ಯ ಪರೀಕ್ಷೆ. ನಲವತ್ತಾದವನ ಹೃದಯದ ವಿಚಾರಣೆ ಬೇರೆ. ಮತ್ತು, ಅಪಾಯವೆನಿಸಿದರೆ ಯಾರೇ ಆಗಲಿ ಇಳಿಯುವುದಿಲ್ಲ ಎನ್ನಬಹುದು, ಅದಕ್ಕೆ ಶಿಕ್ಷೆಯಿಲ್ಲ.

ಇದನ್ನೆಲ್ಲ ನಾನು ಮನಸಾರೆ ಒಪ್ಪುತ್ತೇನೆ. ದಡದಲ್ಲಿ ನಿಂತವನು ಮುಳುಗುವವನನ್ನು ಆಳಬಾರದೆಂಬುದು ಸಮಾಜವಾದಿಗಳ ಹಳೆಯ ಮಾತು ತಾನೆ? ನನ್ನ ತಕರಾರು ಒಂದೇ: ಡಿಗ್ರಿಯಿದ್ದವನಿಗೆ ಈ ಸ್ವರಾಜ್ಯ, ಬೆಸುಗೆಯವನಿಗೆ ಏಕಿಲ್ಲ? ಅವನನ್ನೂ ಇಷ್ಟವಿಲ್ಲದೆ ಒತ್ತಡಕ್ಕೆ ಒಳಪಡಿಸಬಾರದೆಂದು ಕಾಯಿದೆಯಲ್ಲಿದೆ, ನಿಜ. ಆದರೆ ‘ಒಲ್ಲೆ’ ಎಂದವನ ಬೆನ್ನಿಗೆ ಅಲ್ಲಿ ಮಂಡಲಿಯಿಲ್ಲ. ಎದುರಿಗೆ ಗುತ್ತಿಗೆದಾರನ ಗಡಿಯಾರವಿದೆ. ವಿಜ್ಞಾನಿ ಗಾಳಿ ಕೆಟ್ಟಿದ್ದರೆ ನಾಳೆ ಇಳಿಯುತ್ತಾನೆ. ಅವರಲ್ಲಿ ಅಪಘಾತ ಕಡಿಮೆಯಾಗಿರುವುದಕ್ಕೆ ವಿದ್ಯೆಯಷ್ಟೇ ಈ ‘ನಾಳೆ’ಯೂ ಕಾರಣವೆಂದು ನನ್ನ ಅಭಿಪ್ರಾಯ.

ಕೆಲಸಗಾರರ ನಿಯಮಕ್ಕೆ ಅಂಟಿಸಿದ ಪಟ್ಟಿಯೊಂದು ಈಗಲೂ ಉಳಿದಿದೆ. ಮುಳುಗಲು ಅಡ್ಡಿಯಾಗಬಹುದಾದ ಕಾಯಿಲೆಗಳ ಪಟ್ಟಿ. ಮೂರ್ಛೆ, ಶ್ವಾಸಕೋಶದ ಬೇನೆ, ಹೃದಯದ ದೋಷ ಇವುಗಳ ಜೊತೆಗೆ ಇನ್ನೊಂದಿದೆ: ಕೀಲಿನ ಬಳಿ ಮೂಳೆ ಸತ್ತಿರುವುದು. ಒತ್ತಡದಲ್ಲಿ ವರ್ಷಗಟ್ಟಲೆ ದುಡಿದವರ ತೊಡೆಯ, ತೋಳಿನ ಮೂಳೆಗೆ ಬರುವ ರೋಗವದು. ಕೆಲಸವೇ ಮೂಳೆಯನ್ನು ತಿನ್ನುತ್ತದೆ. ತಿಂದ ಮೇಲೆ ಪಟ್ಟಿ ಅವನನ್ನು ಅನರ್ಹನೆನ್ನುತ್ತದೆ. ಅಂಥವನನ್ನು ನೀರಿಗಿಳಿಸಬಾರದು, ಸರಿಯೆ. ಹಾಗಾದರೆ ದಡದಲ್ಲಿ ಅವನಿಗೆ ಅದೇ ಸಂಬಳದ ಕೆಲಸ ಕೊಡಿ, ಬಿದ್ದುಹೋದ ಆ ಮೂರು ಡಾಕ್ಟರರ ಕಲಮನ್ನು ಶಾಸನಸಭೆಯಲ್ಲಿ ಪಾಸು ಮಾಡಿ ಮರಳಿ ತನ್ನಿ, ವಿಜ್ಞಾನಿಗಳಿಗಿರುವಂಥ ಮಂಡಲಿಯನ್ನು ಬೆಸುಗೆಯವರಿಗೂ ಕೊಡಿ ಎಂದು ಅಲ್ಲಿಯ ಸಂಘದವರು ಕೇಳಬೇಕು. ವಿಜ್ಞಾನಿಗಳೂ ಅವರ ಜೊತೆ ನಿಂತು ಕೇಳಬೇಕು.