ಹಕ್ಕಿನ ಮೂಲ ಮತ್ತು ಜೈಲಿನ ಬಾಗಿಲು

ಮೂಲಭೂತ ಹಕ್ಕುಗಳನ್ನು ಸಂವಿಧಾನ ಕೊಟ್ಟಿತೋ, ಮೊದಲೇ ಇದ್ದವನ್ನು ಅದು ಒಪ್ಪಿಕೊಂಡಿತೋ? ಮೇಲ್ನೋಟಕ್ಕೆ ಇದು ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯ. ಆದರೆ 1976ರಲ್ಲಿ ಸಾವಿರಾರು ಮಂದಿಯ ಬಿಡುಗಡೆ ನಿಂತಿದ್ದು ಇದರ ಉತ್ತರದ ಮೇಲೆಯೇ. ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಕೂಡಿಹಾಕಲು ಬಿಡುವ ಮೀಸಾ ಕಾಯ್ದೆಯಡಿ ಬಂಧಿತರಾದವರು ತಮ್ಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದರು. ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ನಮ್ಮ ಹೈಕೋರ್ಟ್ ಮೆಟ್ಟಿಲೇರಿದ್ದರು. ಇಂಥ ಅರ್ಜಿಗಳನ್ನು ಆಲಿಸಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟ್‌ಗಳು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಮೀಸಾಕ್ಕೆ ಸೇರಿಸಿದ್ದ ಒಂದು ಉಪಕಲಮಿನ ಪ್ರಕಾರ ಬಂಧನದ ಕಾರಣವೇ ಸರ್ಕಾರಿ ಗುಟ್ಟು, ಅದನ್ನು ಬಂಧಿತನಿಗೂ ಹೇಳುವಂತಿಲ್ಲ. ವೈಯಕ್ತಿಕ ದ್ವೇಷಕ್ಕೆ ಪೊಲೀಸನೊಬ್ಬ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬರ್ಥದ ಉತ್ತರ ಕೊಟ್ಟರು ಅಟಾರ್ನಿ ಜನರಲ್ ನಿರೇನ್ ಡೇ. ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ 21ನೇ ವಿಧಿಯೊಂದೇ ನೆಲೆ, ಅದರ ಜಾರಿಗೆ ತಡೆ ಬಿದ್ದ ಮೇಲೆ ಕೋರ್ಟಿಗೆ ಬರುವ ದಾರಿಯೇ ಇಲ್ಲ ಎಂಬುದು ಅವರ ತರ್ಕ. ಭಿನ್ನ ತೀರ್ಪು ಬರೆದವರು ಖನ್ನಾ ಒಬ್ಬರೇ. ಮರುವರ್ಷ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕಿರಿಯರಿಗೆ ಹೋಯಿತು.

ಸಂವಿಧಾನದಾಚೆಗೆ ಹಕ್ಕು ಉಂಟೆಂದರೆ ನ್ಯಾಯಾಧೀಶರು ಮನಸ್ಸಿಗೆ ಬಂದದ್ದನ್ನೆಲ್ಲ ಹಕ್ಕೆಂದು ಸಾರಬಹುದಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಖನ್ನಾ ಹೇಳಿದ್ದು ಇಷ್ಟೇ: ಕಾನೂನಿನ ಬಲವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಅಧಿಕಾರ ಸರ್ಕಾರಕ್ಕೆ 21ನೇ ವಿಧಿ ಬರುವ ಮೊದಲೂ ಇರಲಿಲ್ಲ. 1931ರಲ್ಲಿ ನೈಜೀರಿಯಾದ ಎಶುಗ್ಬಾಯಿ ಎಲೆಕೊ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ವಸಾಹತಿನ ಪ್ರಜೆಗೂ ಇಷ್ಟನ್ನು ಒಪ್ಪಿತ್ತು. ಸ್ವತಂತ್ರ ಭಾರತದ ಪ್ರಜೆಗೆ ಅಷ್ಟೂ ಇಲ್ಲವಾಯಿತು! ದೇಶದ ಭದ್ರತೆಯ ಮಾತೂ ಇಲ್ಲಿ ನಿಲ್ಲುವುದಿಲ್ಲ. ಬಂಧಿಸಲೇಬೇಡಿ ಎಂದು ಯಾರೂ ಹೇಳಿರಲಿಲ್ಲ, ಯಾವ ಕಾನೂನಿನಡಿ ಎಂದು ತೋರಿಸಿ ಎಂದಷ್ಟೇ ಕೇಳಿದ್ದು.

ಖನ್ನಾ ಮಾತು ಗೆದ್ದಿತು, ನಿಧಾನವಾಗಿ. 1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಜಾರಿಯನ್ನು ತಡೆಯುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹಳೆಯ ತೀರ್ಪನ್ನು ರದ್ದುಮಾಡಿತು. ಇಷ್ಟಾದರೂ ತೀರ್ಪು ತಾನಾಗಿ ಜೈಲಿನ ಬೀಗ ತೆಗೆಯುವುದಿಲ್ಲ. ವಿಚಾರಣೆಯಿಲ್ಲದೆ ಕೂಡಿಹಾಕುವ ಅವಕಾಶ 22ನೇ ವಿಧಿಯಲ್ಲೇ ಇದೆ. ನಮ್ಮ ಗೂಂಡಾ ಕಾಯ್ದೆಯಡಿ ಹನ್ನೆರಡು ತಿಂಗಳವರೆಗೆ ಇಡಬಹುದು. ಇಂಥ ಬಂಧನಗಳನ್ನು ಪರಿಶೀಲಿಸುವ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದ ಬಂಧನದ ಮಿತಿಯನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸುವ ಅಂಶವೂ ಅದೇ 44ನೇ ತಿದ್ದುಪಡಿಯಲ್ಲಿತ್ತು. ಸಂಸತ್ತು ಅದನ್ನು ಅಂಗೀಕರಿಸಿಯಾಗಿದೆ. ಜಾರಿಗೆ ಬೇಕಾದ ಅಧಿಸೂಚನೆಯನ್ನು ಮಾತ್ರ ಅಂದಿನಿಂದ ಯಾವ ಪಕ್ಷದ ಸರ್ಕಾರವೂ ಹೊರಡಿಸಿಲ್ಲ.